ಮೌನಕ್ಕೆ ಮೊದಲು ನಿದ್ದೆ: ಬಿಡುವಿಲ್ಲದ ಕ್ರೈಸ್ತರಿಗೆ ವಿಶ್ರಾಂತಿಯ ಸಮಗ್ರ ಮಾರ್ಗದರ್ಶಿ

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾದಾಗಲೋ ವರ್ಷಾಂತ್ಯದ ರಾತ್ರಿಯ ಆರಾಧನೆ ಮುಗಿಸಿ ಬಂದಾಗಲೋ ನಮ್ಮಲ್ಲಿ ಹಲವರು ಒಂದೇ ತೀರ್ಮಾನಕ್ಕೆ ಬರುತ್ತಾರೆ: ನಾಳೆಯಿಂದ ಬೆಳಗ್ಗೆ ಐದಕ್ಕೆ ಎದ್ದು ಒಂದು ಗಂಟೆ ದೇವರ ಸನ್ನಿಧಿಯಲ್ಲಿ ಮೌನವಾಗಿ ಕೂರಬೇಕು. ಮೊದಲ ದಿನ ಉತ್ಸಾಹ. ಎರಡನೆಯ ದಿನ ತೂಕಡಿಕೆ. ವಾರ ತುಂಬುವಷ್ಟರಲ್ಲಿ ಅಲಾರಂ ಬಂದ್, ಮನಸ್ಸಿನಲ್ಲಿ "ನನ್ನ ವಿಶ್ವಾಸವೇ ಅಷ್ಟಕ್ಕಷ್ಟೆ" ಎಂಬ ಕೊರಗು. ಹೀಗೆ ಕೈಬಿಟ್ಟವರಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ ಎಡವಟ್ಟು: ಕೊನೆಗೆ ಬರಬೇಕಾದ ಮೌನವನ್ನು ಅವರು ಮೊದಲಿಗೇ ಇಟ್ಟುಕೊಂಡಿರುತ್ತಾರೆ. ದಣಿದ ಮೈ, ತುಂಬಿದ ತಲೆ, ಪಕ್ಕದಲ್ಲೇ ಮಿನುಗುವ ಮೊಬೈಲ್. ಇವುಗಳ ನಡುವೆ ಸುಮ್ಮನೆ ಕೂರುವುದು ಸನ್ಯಾಸಿಗಳಿಗೂ ಕಷ್ಟ.

ಕಚೇರಿ, ಪಾಳಿ ಕೆಲಸ, ಮಕ್ಕಳ ಶಾಲೆ, ವಯಸ್ಸಾದ ತಂದೆ ತಾಯಿ, ಇಷ್ಟೆಲ್ಲವನ್ನೂ ಹೊತ್ತವರಿಗಾಗಿ ಈ ಏಳು ಹಂತಗಳಿವೆ. ಕಥೋಲಿಕರು, ಸಿ.ಎಸ್.ಐ.ನವರು (ದಕ್ಷಿಣ ಭಾರತ ಸಭೆಯವರು), ಮೆಥಡಿಸ್ಟರು, ಪೆಂತೆಕೋಸ್ತ್ ಸಭೆಯವರು, ಯಾರು ಬೇಕಾದರೂ ಅನುಸರಿಸಬಹುದು. ಪ್ರತಿ ಹಂತಕ್ಕೂ ಕನಿಷ್ಠ ಒಂದು ವಾರ ಕೊಡಿ. ಮೊದಲನೆಯ ಹಂತವನ್ನು ಮಾತ್ರ ಯಾವ ಕಾರಣಕ್ಕೂ ಹಾರಿಸಬೇಡಿ.

ಬೇಕಾಗುವ ಸಾಮಾನು

ಮುದ್ರಿತ ಬೈಬಲ್ ಬೇಕು, ಮೊಬೈಲಿನಲ್ಲಿರುವುದು ಆಗದು. ಅಲ್ಲಿ ವಚನದ ಮೇಲೆಯೇ ಮೇಲಧಿಕಾರಿಯ ಸಂದೇಶ ಇಳಿದುಬರುತ್ತದೆ. ಹಾಸಿಗೆಯ ಪಕ್ಕಕ್ಕೆ ಒಂದು ಸಾದಾ ಅಲಾರಂ ಗಡಿಯಾರ, ಏಕೆಂದರೆ "ಅಲಾರಂಗಾಗಿ ಮೊಬೈಲ್ ಬೇಕಲ್ಲ" ಎಂಬ ನೆಪವೇ ಎಲ್ಲವನ್ನೂ ಕೆಡಿಸುವುದು. ಅಂಗಿಯ ಜೇಬಿಗೆ ಹಿಡಿಯುವ ನೋಟುಪುಸ್ತಕ, ಪೆನ್ನು. ಬೆನ್ನು ನೇರವಾಗಿ ನಿಲ್ಲುವ ಕುರ್ಚಿ. ಮೇಣದಬತ್ತಿ, ಶಿಲುಬೆ, ಜಪಸರ ನಿಮ್ಮ ರೂಢಿಯಲ್ಲಿದ್ದರೆ ಇರಲಿ; ಇದಕ್ಕಾಗಿ ಹೊಸದಾಗಿ ಕೊಳ್ಳುವ ಅಗತ್ಯವಿಲ್ಲ.

ಹಂತ 1: ನಿದ್ದೆಯ ಬಾಕಿ ತೀರಿಸಿ

ಒಂದನೆಯ ಅರಸುಗಳು 19ನೆಯ ಅಧ್ಯಾಯವನ್ನು ತೆರೆಯಿರಿ. ಪ್ರವಾದಿ ಎಲೀಯ ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಕೇಳಿ ಮಲಗಿಬಿಡುತ್ತಾನೆ. ಬಂದ ದೇವದೂತ ಉಪದೇಶ ಮಾಡುವುದಿಲ್ಲ, ಗದರುವುದೂ ಇಲ್ಲ. ತಟ್ಟಿ ಎಬ್ಬಿಸಿ ಊಟ ಮಾಡು ಎನ್ನುತ್ತಾನೆ. ತಲೆಯ ಬಳಿ ಬಿಸಿ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಕುಡಿದ ಎಲೀಯ ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲ ಬಂದಾಗಲೂ ಊಟದ ಮಾತೇ. ಹೋರೇಬ್ ಬೆಟ್ಟ, ಬಿರುಗಾಳಿ, ಭೂಕಂಪ, ಬೆಂಕಿ, ಅವುಗಳ ನಂತರದ ಮೆಲ್ಲನೆಯ ಸ್ವರ, ಎಲ್ಲವೂ ಆಮೇಲಿನ ಕಥೆ. ನಾವು ರೊಟ್ಟಿಯನ್ನೂ ನಿದ್ದೆಯನ್ನೂ ಬಿಟ್ಟು ನೇರವಾಗಿ ಆ ಮೆಲ್ಲನೆಯ ಸ್ವರಕ್ಕೆ ಕಿವಿಗೊಡಲು ಹೊರಡುತ್ತೇವೆ.

ಈ ವಾರ ಮಾಡಬೇಕಾದದ್ದು ಇಷ್ಟು: ಏಳು ಗಂಟೆಗಿಂತ ಕಡಿಮೆಯಾಗದಂತೆ ನಿದ್ದೆ. ಏಳುವ ಹೊತ್ತನ್ನು ಹಾಗೆಯೇ ಇಟ್ಟು ಮಲಗುವ ಹೊತ್ತನ್ನು ಹಿಂದಕ್ಕೆ ತನ್ನಿ. ಮೊಬೈಲನ್ನು ಅಡುಗೆಮನೆಯಲ್ಲೋ ಹಜಾರದಲ್ಲೋ ಚಾರ್ಜಿಗೆ ಹಾಕಿ. ಮಲಗುವ ಮುನ್ನ ನಾಲ್ಕನೆಯ ಕೀರ್ತನೆಯನ್ನು ಒಮ್ಮೆ ಓದಿ. ಎಂಟೇ ವಚನ, ಕೊನೆಯದು ನಿಶ್ಚಿಂತೆಯಿಂದ ಮಲಗಿ ನಿದ್ದೆಹೋಗುವವನ ಮಾತು. ಬೆಳಗ್ಗೆ ದೀರ್ಘ ಪ್ರಾರ್ಥನೆಯ ಹಟ ಬೇಡ, ಹಾಸಿಗೆಯಲ್ಲೇ ಕುಳಿತು ಒಂದು ವಾಕ್ಯದ ಕೃತಜ್ಞತೆ ಸಾಕು. ರಾತ್ರಿ ಪಾಳಿಯವರಾದರೆ ಹಗಲಿನ ಏಳು ಗಂಟೆಯನ್ನು ಕಿಟಕಿಗೆ ದಪ್ಪ ಪರದೆ ಹಾಕಿ ಕಾಪಾಡಿಕೊಳ್ಳಿ. ಆ ಹೊತ್ತಿನಲ್ಲಿ ಎಬ್ಬಿಸಬಾರದೆಂದು ಮನೆಯವರಿಗೂ ಹೇಳಿಡಿ.

ಸಾಮಾನ್ಯ ತಪ್ಪು: ನಿದ್ದೆಯನ್ನು ಕತ್ತರಿಸಿ ಪ್ರಾರ್ಥನೆಗೆ ಸಮಯ ಹೊಂದಿಸುವುದು. ಯೇಸು ಇನ್ನೂ ಮೊಬ್ಬಿರುವಾಗಲೇ ಎದ್ದು ಪ್ರಾರ್ಥಿಸಲು ಹೋದದ್ದನ್ನು ಎಲ್ಲರೂ ನೆನಪಿಸುತ್ತಾರೆ. ಅದೇ ಯೇಸು ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಗಾಢವಾಗಿ ನಿದ್ದೆಮಾಡಿದ್ದನ್ನು ಯಾರೂ ಮಾದರಿಯಾಗಿ ಎತ್ತಿಕೊಳ್ಳುವುದಿಲ್ಲ. ಮಧ್ಯಾಹ್ನದ ಸಭೆಯಲ್ಲಿ ಕಣ್ಣು ಎಳೆಯುವುದು ನಿಂತ ಮೇಲೆ ಮುಂದಿನ ಹಂತಕ್ಕೆ ಹೋಗಿ.

ಹಂತ 2: ಒಂದು ಹೊತ್ತು, ಒಂದು ಮೂಲೆ

ಹತ್ತು ನಿಮಿಷ ಸಾಕು. "ಸಿಕ್ಕಾಗ ಕೂರುತ್ತೇನೆ" ಎಂದುಕೊಂಡರೆ ಸಿಗುವುದಿಲ್ಲ. ದಿನದ ಯಾವುದಾದರೂ ಖಚಿತ ಕೆಲಸಕ್ಕೆ ಅದನ್ನು ಕಟ್ಟಿಹಾಕಿ. ಮಕ್ಕಳ ಶಾಲಾ ವ್ಯಾನು ಹೊರಟ ಕೂಡಲೇ, ಊಟದ ಡಬ್ಬಿ ಮುಚ್ಚಿದ ಮೇಲೆ, ಕಚೇರಿಯ ಪಾರ್ಕಿಂಗಿನಲ್ಲಿ ಸ್ಕೂಟರ್ ನಿಲ್ಲಿಸಿ ಲಿಫ್ಟಿನ ಕಡೆ ಹೋಗುವ ಮೊದಲು. ಸ್ಥಳವೂ ಪ್ರತಿದಿನ ಅದೇ ಇರಲಿ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆರು ಜನರಿದ್ದರೆ ಮನೆಯೊಳಗೆ ಮೂಲೆ ಸಿಗದು. ತಾರಸಿ, ನಿಂತ ಕಾರು, ಆಸ್ಪತ್ರೆಯ ಪ್ರಾರ್ಥನಾಲಯ, ವಾರದ ದಿನ ಬಾಗಿಲು ತೆರೆದಿರುವ ದೇವಾಲಯ, ಯಾವುದಾದರೂ ಆಗಬಹುದು. ಮೆಟ್ರೊದಲ್ಲಿ ಬೈಬಲ್ ಓದುವುದು ಒಳ್ಳೆಯದೇ. ಆದರೆ ನಿಲ್ದಾಣ ತಪ್ಪೀತೆಂದು ಕಿವಿ ನಿಮಿರಿಸಿಕೊಂಡೇ ಇರಬೇಕಾದ್ದರಿಂದ ಅದನ್ನು ಈ ಹತ್ತು ನಿಮಿಷದ ಲೆಕ್ಕಕ್ಕೆ ಹಿಡಿಯಬೇಡಿ.

ಮನೆಯವರಿಗೆ ಮೊದಲೇ ಹೇಳುವುದು ಈ ಹಂತದ ಭಾಗವೇ. ಹೇಳದೆ ಬಾಗಿಲು ಹಾಕಿಕೊಂಡರೆ ಅತ್ತೆಯವರು ಮುನಿಸೆಂದುಕೊಳ್ಳುತ್ತಾರೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಗಂಡ ಹೆಂಡತಿ ಸರದಿ ಮಾಡಿಕೊಳ್ಳಿ: ಅವರ ಹತ್ತು ನಿಮಿಷದಲ್ಲಿ ಮಗು ನಿಮ್ಮದು, ನಿಮ್ಮ ಹತ್ತು ನಿಮಿಷದಲ್ಲಿ ಅವರದು.

ಇಷ್ಟಾದರೂ ಅಡ್ಡಿ ಬರುತ್ತದೆ. ಮಾರ್ಕ 6ರಲ್ಲಿ, ಊಟಕ್ಕೂ ಬಿಡುವಿಲ್ಲದೆ ದಣಿದ ಶಿಷ್ಯರನ್ನು ಯೇಸು ಏಕಾಂತಕ್ಕೆ ಕರೆದೊಯ್ಯುತ್ತಾನೆ. ದೋಣಿ ದಡ ಸೇರುವ ಮೊದಲೇ ಜನ ಕಾಲ್ನಡಿಗೆಯಲ್ಲಿ ಓಡಿ ಅಲ್ಲಿಗೆ ಮುಟ್ಟಿರುತ್ತಾರೆ. ಯೇಸು ಅವರ ಮೇಲೆ ಕನಿಕರಪಟ್ಟು ಬೋಧಿಸಿ, ಹೊಟ್ಟೆತುಂಬ ಊಟವನ್ನೂ ಕೊಟ್ಟು ಕಳುಹಿಸಿ, ಆಮೇಲೆ ಪ್ರಾರ್ಥನೆಗಾಗಿ ಬೆಟ್ಟಕ್ಕೆ ಹೋಗುತ್ತಾನೆ. ಮಗು ಎದ್ದು ಅತ್ತರೆ ಎದ್ದು ಹೋಗಿ. ತಪ್ಪಿದ ಹತ್ತು ನಿಮಿಷವನ್ನು ಅದೇ ದಿನ ಬೇರೆ ಹೊತ್ತಿಗೆ ಸರಿಸಿ, ಸಿಟ್ಟಾಗಬೇಡಿ.

ಹಂತ 3: ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಿ

ಚಲಿಸುವ ಬಸ್ಸಿನಿಂದ ಇಳಿದವನು ಅದೇ ದಿಕ್ಕಿಗೆ ನಾಲ್ಕು ಹೆಜ್ಜೆ ಓಡಿಯೇ ನಿಲ್ಲಬೇಕು. ಇಳಿದಲ್ಲೇ ಕಾಲೂರಿದರೆ ಮುಗ್ಗರಿಸುತ್ತಾನೆ. ಕುಳಿತ ಮರುಕ್ಷಣವೇ ಕಣ್ಣುಮುಚ್ಚುವವರಿಗೂ ಇದೇ ಗತಿ. ಆದ್ದರಿಂದ ಮೊದಲ ಎರಡು ನಿಮಿಷ ನೋಟುಪುಸ್ತಕಕ್ಕೆ ಮೀಸಲು. ತಲೆಯಲ್ಲಿ ಸುತ್ತುತ್ತಿರುವುದನ್ನು ಬಂದ ಕ್ರಮದಲ್ಲೇ ಗೀಚಿ:

ಗ್ಯಾಸ್ ಬುಕ್ ಮಾಡಬೇಕು. ಅಪ್ಪನ ಸಕ್ಕರೆ ಪರೀಕ್ಷೆಯ ವರದಿ. ನಿನ್ನೆ ಮಗಳಿಗೆ ರೇಗಿದ್ದು. ಐದನೆಯ ತಾರೀಖಿನ ಕಂತು. ಕಚೇರಿಯಲ್ಲಿ ಆ ಮಾತನ್ನು ನನಗೇ ಅಂದದ್ದೇ?

ಅಕ್ಷರ ಚೆನ್ನಾಗಿರಬೇಕಿಲ್ಲ, ಪ್ರಾರ್ಥನೆಯ ಭಾಷೆಯೂ ಬೇಡ. ಬರೆದು ಮುಗಿದ ಮೇಲೆ ಪುಟದ ಮೇಲೆ ಅಂಗೈ ಇಟ್ಟು, ನಿಮ್ಮ ಚಿಂತೆಯನ್ನೆಲ್ಲ ದೇವರ ಮೇಲೆ ಹಾಕಿರಿ ಎಂದು ಪೇತ್ರನ ಮೊದಲ ಪತ್ರ ಹೇಳುವುದನ್ನು ಅಕ್ಷರಶಃ ಮಾಡಿ: "ಕರ್ತನೇ, ಇದಿಷ್ಟು ನಿನ್ನ ಕೈಯಲ್ಲಿ." ಪುಸ್ತಕ ಮುಚ್ಚಿ. ಗ್ಯಾಸ್ ಬುಕ್ ಮಾಡುವ ಕೆಲಸ ಹತ್ತು ನಿಮಿಷದ ಮೇಲೂ ಅಲ್ಲೇ ಇರುತ್ತದೆ, ಈಗ ಅದನ್ನು ತಲೆಯಲ್ಲಿ ಹೊರಬೇಕಿಲ್ಲ. ಪಟ್ಟಿಯನ್ನು ಓದುತ್ತಾ ಒಂದೊಂದಕ್ಕೂ ಪರಿಹಾರ ಹುಡುಕಲು ತೊಡಗಿದರೆ ನೀವು ಮತ್ತೆ ಕಚೇರಿಗೆ ಹೋದಿರೆಂದೇ ಅರ್ಥ.

ಹಂತ 4: ಒಂದೇ ಭಾಗವನ್ನು ನಾಲ್ಕು ಬಗೆಯಲ್ಲಿ

ಏಕಾಂತ, ಮೌನಗಳಿಗೆ ಹೆಸರಾದ ಕಾರ್ಥೂಸಿಯನ್ ಪಂಥದ 12ನೆಯ ಶತಮಾನದ ಸನ್ಯಾಸಿ ಎರಡನೆಯ ಗೀಗೊ ದೇವವಾಕ್ಯದ ಓದಿಗೆ ನಾಲ್ಕು ಮೆಟ್ಟಿಲು ಹೇಳಿದ: ಓದು, ಮನನ, ಪ್ರಾರ್ಥನೆ, ಧ್ಯಾನ. ಇಂದಿಗೂ ಅದಕ್ಕಿಂತ ಸರಳವಾದ ಕ್ರಮ ಸಿಕ್ಕಿಲ್ಲ. ಒಂದು ವಾರಕ್ಕೆ ಒಂದೇ ಭಾಗ ಇಟ್ಟುಕೊಳ್ಳಿ. ವರ್ಷದಲ್ಲಿ ಇಡೀ ಬೈಬಲ್ ಓದಿ ಮುಗಿಸುವ ಯೋಜನೆ ನಡೆಯುತ್ತಿದ್ದರೆ ಅದನ್ನು ಬೇರೆ ಹೊತ್ತಿಗೆ ಸರಿಸಿ. ಅಲ್ಲಿ ಪುಟ ಮುಗಿಸುವ ಅವಸರವಿದೆ, ಇಲ್ಲಿ ಅದು ಬೇಡ.

ಮೊದಲ ವಾರಕ್ಕೆ ಮಾರ್ಕ 4:35–41. ಏಳು ವಚನ. ತುಟಿ ಆಡಿಸುತ್ತಾ, ಸಾಧ್ಯವಾದರೆ ದನಿ ತೆಗೆದು ಒಮ್ಮೆ ಓದಿ. ಎರಡನೆಯ ಸಲ ನಿಧಾನವಾಗಿ ಓದುವಾಗ ಸಣ್ಣ ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಹೊತ್ತು ಮುಳುಗಿದೆ. ಯೇಸು ಇದ್ದ ಹಾಗೆಯೇ ದೋಣಿಯಲ್ಲಿ ಹೊರಟಿದ್ದಾನೆ. ಬೇರೆ ದೋಣಿಗಳೂ ಜೊತೆಗಿವೆ. ನೀರು ಒಳಗೆ ತುಂಬುತ್ತಿದೆ, ತಲೆದಿಂಬಿನ ಮೇಲೆ ಒರಗಿದವನಿಗೆ ಎಚ್ಚರವಿಲ್ಲ. ಶಿಷ್ಯರ ಮೊದಲ ಮಾತು ಬೇಡಿಕೆಯಲ್ಲ, ದೂರು: ನಾವು ಸಾಯುತ್ತಿರುವುದು ನಿನಗೆ ಲೆಕ್ಕಕ್ಕಿಲ್ಲವೇ? ಇವುಗಳಲ್ಲಿ ಯಾವುದೋ ಒಂದು ನಿಮ್ಮನ್ನು ತಡೆದು ನಿಲ್ಲಿಸುತ್ತದೆ. ಅಲ್ಲಿಯೇ ನಿಲ್ಲಿ, ಮುಂದೆ ಓದಬೇಡಿ. ಇದು ಮನನ.

ತಡೆದ ಆ ಮಾತಿನಿಂದಲೇ ಪ್ರಾರ್ಥನೆ ಹುಟ್ಟಲಿ. ದೂರು ತಟ್ಟಿದ್ದರೆ ದೂರನ್ನೇ ಹೇಳಿ. ಕೀರ್ತನೆಗಳಲ್ಲಿ ಅಂಥ ದೂರುಗಳಿಗೆ ಬರವಿಲ್ಲ. ಆಮೇಲೆ ಮಾತು ನಿಲ್ಲಿಸಿ, ಆ ದೋಣಿಯಲ್ಲಿ ಆತನ ಪಕ್ಕ ಸುಮ್ಮನೆ ಕುಳಿತಿರಿ.

ಮುಂದಿನ ವಾರಗಳಿಗೆ: ಕೀರ್ತನೆ 131 (ಮೂರೇ ವಚನ, ಮೊಲೆ ಬಿಡಿಸಿದ ಕೂಸಿನ ಚಿತ್ರ), ಮತ್ತಾಯ 11:28–30, ಲೂಕ 10:38–42, ಕೀರ್ತನೆ 23.

ಸಾಮಾನ್ಯ ತಪ್ಪು: ಭಾನುವಾರ ಶಾಲೆಯಲ್ಲಿ ಪಾಠ ಮಾಡುವವರು, ಮನೆಪ್ರಾರ್ಥನೆ ನಡೆಸುವವರು ಪ್ರತಿ ವಚನವನ್ನೂ "ಇದನ್ನು ಅಲ್ಲಿ ಹೇಳಬಹುದು" ಎಂದೇ ಓದುತ್ತಾರೆ. ಪೆನ್ನಿನ ಕಡೆ ಕೈ ಹೋದರೆ ತಡೆಯಿರಿ. ಈ ಹೊತ್ತು ನಿಮ್ಮೊಬ್ಬರಿಗೆ.

ಹಂತ 5: ಈಗ ಮೌನ

ನಾಲ್ಕು ಹಂತ ದಾಟಿ ಬಂದವರಿಗೆ ಮೌನ ಅಷ್ಟೇನೂ ಕಷ್ಟವಾಗದು. ಮೂರು ನಿಮಿಷದಿಂದ ಶುರುಮಾಡಿ, ವಾರಕ್ಕೊಂದು ನಿಮಿಷ ಏರಿಸಿ. ಪಾದ ನೆಲಕ್ಕೆ, ಬೆನ್ನು ನೇರಕ್ಕೆ, ಕೈ ತೊಡೆಯ ಮೇಲೆ. ಉಸಿರು ಒಳಕ್ಕೆ ಬರುವಾಗ "ಕರ್ತನಾದ ಯೇಸು ಕ್ರಿಸ್ತನೇ", ಹೊರಕ್ಕೆ ಹೋಗುವಾಗ "ನನ್ನನ್ನು ಕರುಣಿಸು". ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪ್ರಾರ್ಥನೆಯಿದು. ತಾನಾಗಿ ಮಾತು ತೆಳುವಾದರೆ ಬಿಟ್ಟುಬಿಡಿ, ಮನಸ್ಸು ಅಲೆದಾಗ ಮತ್ತೆ ಹಿಡಿಯಿರಿ.

ಮನಸ್ಸನ್ನು ಖಾಲಿ ಮಾಡುವುದು ಇಲ್ಲಿಯ ಕೆಲಸವಲ್ಲ, ಹಾಗೆಂದುಕೊಂಡೇ ಬಹಳ ಮಂದಿ ಸೋಲುತ್ತಾರೆ. ಒಬ್ಬನ ಸನ್ನಿಧಿಯಲ್ಲಿ ಮಾತಿಲ್ಲದೆ ಕುಳಿತಿರುವುದಷ್ಟೇ. ಯೋಚನೆ ಬಂದರೆ ಬರಲಿ. ಹತ್ತು ಸಲ ಅಲೆದು ಹತ್ತು ಸಲ ಹಿಂದಿರುಗಿದರೆ ಹತ್ತು ಸಲ ಪ್ರಾರ್ಥಿಸಿದ ಹಾಗೆ.

ಎರಡನೆಯದೋ ಮೂರನೆಯದೋ ವಾರದಲ್ಲಿ ಬೇಸರ ಬರುವುದು ಖಂಡಿತ. 4ನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಎವಾಗ್ರಿಯಸ್ ಇದನ್ನು ಬಣ್ಣಿಸಿದ್ದಾನೆ: ಸೂರ್ಯ ನಿಂತಲ್ಲೇ ನಿಂತಂತೆ ತೋರುತ್ತದೆ, ಸನ್ಯಾಸಿ ಮತ್ತೆ ಮತ್ತೆ ಕಿಟಕಿಯ ಕಡೆ ನೋಡುತ್ತಾನೆ, ಊಟದ ಹೊತ್ತಾಯಿತೇ ಎಂದು ಬಿಸಿಲು ಅಳೆಯುತ್ತಾನೆ, ಯಾರಾದರೂ ಸಹೋದರ ಬರಬಾರದೇ ಎಂದು ಹಂಬಲಿಸುತ್ತಾನೆ. ಮೊಬೈಲ್ ಇರಲಿಲ್ಲ ಅಷ್ಟೆ. ಈ ಬೇಸರ ಬಂದಾಗ ವಿಧಾನ ಬದಲಿಸಬೇಡಿ, ಹೊಸ ಧ್ಯಾನದ ವಿಡಿಯೊ ಹುಡುಕಬೇಡಿ. ಗೊತ್ತುಮಾಡಿದ ನಿಮಿಷ ಮುಗಿಯುವ ತನಕ ಕುರ್ಚಿ ಬಿಡಬೇಡಿ.

ಹಂತ 6: ಮಲಗುವ ಮುನ್ನ ದಿನದ ತನಿಖೆ

ಯೇಸುಸಭೆಯ ಸ್ಥಾಪಕ, ಲೊಯೊಲಾದ ಇಗ್ನಾಸಿಯಸ್ ಐದು ಅಂಶಗಳಲ್ಲಿ ಹೇಳಿಕೊಟ್ಟ ಅಭ್ಯಾಸ, ಐದು ನಿಮಿಷದ ಕೆಲಸ. ದಿನಕ್ಕಾಗಿ ಕೃತಜ್ಞತೆ ಸಲ್ಲಿಸಿ. ದಿನವನ್ನು ಸರಿಯಾಗಿ ಕಾಣಲು ಬೆಳಕು ಕೇಳಿ. ಎದ್ದಾಗಿನಿಂದ ಗಂಟೆ ಗಂಟೆಯಾಗಿ ದಿನವನ್ನು ತಿರುವಿಹಾಕಿ. ತಪ್ಪಿದ ಕಡೆ ಕ್ಷಮೆ ಬೇಡಿ. ನಾಳೆಗೆ ಒಂದು ನಿರ್ಧಾರ ಮಾಡಿ. ಈ ಕ್ರಮ ಬದಲಿಸಬೇಡಿ: ಕೃತಜ್ಞತೆಯನ್ನು ಬಿಟ್ಟು ನೇರ ತಪ್ಪುಗಳಿಗೆ ಹೋದರೆ ನಿದ್ದೆ ಕೆಡುತ್ತದೆ, ನೀವು ಮೊದಲ ಹಂತಕ್ಕೇ ವಾಪಸ್ಸು.

ಹಂತ 7: ವಾರಕ್ಕೆ ಒಂದು ದಿನ

ದಿನದ ಹತ್ತು ನಿಮಿಷ ಗಟ್ಟಿಯಾದ ಮೇಲೆ ಮಾತ್ರ ಇದಕ್ಕೆ ಕೈಹಾಕಿ. ಬೈಬಲಿನಲ್ಲಿ ವಿಶ್ರಾಂತಿಯ ದಿನ, ಎಂದರೆ ಸಬ್ಬತ್, ಹಿಂದಿನ ದಿನದ ತಯಾರಿಯಿಂದ ಶುರುವಾಗುತ್ತದೆ. ವಿಮೋಚನಕಾಂಡ 16ರಲ್ಲಿ ಮರುಭೂಮಿಯಲ್ಲಿದ್ದ ಇಸ್ರಾಯೇಲ್ ಜನ, ದೇವರು ಸುರಿಸಿದ ಆಹಾರವಾದ ಮನ್ನವನ್ನು ಆರನೆಯ ದಿನ ಎರಡು ಪಾಲು ಕೂಡಿಸಿದರು. ಸುಡುವುದನ್ನು ಸುಟ್ಟು, ಬೇಯಿಸುವುದನ್ನು ಬೇಯಿಸಿ ಮಿಕ್ಕಿದ್ದನ್ನು ಇಟ್ಟುಕೊಂಡರು. ಉಳಿದ ದಿನಗಳಲ್ಲಿ ಹಾಗೆ ಇಟ್ಟದ್ದಕ್ಕೆ ಹುಳ ಬಿದ್ದು ನಾತ ಹೊಡೆದಿತ್ತು, ಆ ರಾತ್ರಿ ಕೆಡಲಿಲ್ಲ. ಅಷ್ಟು ಹೇಳಿದರೂ ಏಳನೆಯ ದಿನ ಕೆಲವರು ಹುಡುಕಿಕೊಂಡು ಹೊರಟರು, ಏನೂ ಸಿಗಲಿಲ್ಲ. ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ತೆರೆದು ಎರಡು ತಾಸು ಕುಳಿತು ಒಂದು ಸಾಲೂ ಮುಂದೆ ಹೋಗದವರು ಆ ಗುಂಪಿನಲ್ಲಿ ತಮ್ಮನ್ನು ಗುರುತಿಸಿಕೊಳ್ಳಬಹುದು.

ಶನಿವಾರ ಸಂಜೆಯ ಪಟ್ಟಿ ಹೀಗಿರಲಿ: ದೋಸೆ ಹಿಟ್ಟು ರುಬ್ಬಿಟ್ಟಿರಬೇಕು. ತರಕಾರಿ ಹೆಚ್ಚಿಟ್ಟಿರಬೇಕು. ಸೋಮವಾರದ ಸಮವಸ್ತ್ರಕ್ಕೆ ಇಸ್ತ್ರಿ ಆಗಿರಬೇಕು. ಇದು ಭಾನುವಾರ ರಾತ್ರಿಗೆ ಉಳಿದರೆ ದಿನದ ಕೊನೆ ಜಗಳದಲ್ಲೇ ಮುಗಿಯುತ್ತದೆ. ಬಂಡಿಗೆ ಪೆಟ್ರೋಲ್, ಕಾಣಿಕೆಯ ಲಕೋಟೆ, ಮಗನ ಚಾರ್ಟು ಹಾಳೆ. ಕಚೇರಿಯವರಿಗೆ "ಸೋಮವಾರ ಉತ್ತರಿಸುತ್ತೇನೆ" ಎಂಬ ಒಂದು ಸಾಲು. ಸೂರ್ಯ ಮುಳುಗಿದ ಮೇಲೆ ಮೊಬೈಲ್ ಪೆಟ್ಟಿಗೆಗೆ. ಬೈಬಲಿನ ಲೆಕ್ಕದಲ್ಲಿ ದಿನ ಸಂಜೆಯಿಂದ ಶುರುವಾಗುತ್ತದೆ, ಎಂದರೆ ವಿಶ್ರಾಂತಿಯ ದಿನದ ಮೊದಲ ಕೆಲಸವೇ ಮಲಗುವುದು.

ಇನ್ನು ಯಾರ ವಿಶ್ರಾಂತಿ ಎಂಬ ಪ್ರಶ್ನೆ. ಧರ್ಮೋಪದೇಶಕಾಂಡ 5ರ ಆಜ್ಞೆಯಲ್ಲಿ ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಊರಿನಲ್ಲಿರುವ ಪರದೇಶಿ ಎಲ್ಲರ ಹೆಸರೂ ಇದೆ. ದಾಸದಾಸಿಯರೂ ನಿನ್ನಂತೆಯೇ ವಿಶ್ರಮಿಸಲಿ ಎಂಬ ಕಾರಣವೂ ಇದೆ. ನಮ್ಮ ಮನೆಗಳ ಭಾನುವಾರ ಹೇಗಿದೆ? ಆರಾಧನೆ ಮುಗಿಸಿ ಬಂದ ಗಂಡಸರು ದಿನಪತ್ರಿಕೆ ಹಿಡಿಯುತ್ತಾರೆ, ಹೆಂಗಸರು ಸೀರೆ ಬದಲಿಸಿ ಕೋಳಿ ತೊಳೆಯುತ್ತಾರೆ, ಊಟಕ್ಕೆ ನೆಂಟರು, ಮೂರು ಗಂಟೆಗೆ ಪಾತ್ರೆಯ ರಾಶಿ. ಒಬ್ಬರ ಬೆವರಿನ ಮೇಲೆ ಇನ್ನೊಬ್ಬರು ಆಚರಿಸುವ ವಿಶ್ರಾಂತಿ ಸಬ್ಬತ್ ಅಲ್ಲ. ಅಡುಗೆ ಸರಳವಾಗಲಿ, ಪಾತ್ರೆಯನ್ನು ಗಂಡಸರು ತೊಳೆಯಲಿ, ಮನೆಗೆಲಸದಾಕೆಗೆ ಸಂಬಳ ಕತ್ತರಿಸದೆ ಆ ದಿನ ರಜೆ ಕೊಡಿ. ಈ ಮೂರು ಆಗದಿದ್ದರೆ ಏಳನೆಯ ಹಂತ ಶುರುವಾಗಿಲ್ಲವೆಂದೇ ತಿಳಿಯಿರಿ.

ಸಭೆಯ ಕೆಲಸವೂ ಕೆಲಸವೇ. ಗಾಯನ ತಂಡದ ಅಭ್ಯಾಸ, ಸಮಿತಿಯ ಸಭೆ, ಯುವಜನ ಕೂಟ, ಸ್ತ್ರೀಯರ ಕೂಟ, ಎಲ್ಲದರಲ್ಲೂ ಹೆಸರು ಹಚ್ಚಿಕೊಂಡವರಿಗೆ ಭಾನುವಾರ ವಾರದ ಅತಿ ಭಾರದ ದಿನವಾಗಿರುತ್ತದೆ. ಒಂದನ್ನು ಉಳಿಸಿಕೊಂಡು ಉಳಿದದ್ದನ್ನು ಬಿಡಿ. ಸಭಾಪಾಲಕರಿಗೂ ಗುರುಗಳಿಗೂ ಹೇಗಿದ್ದರೂ ಭಾನುವಾರ ದುಡಿಮೆಯ ದಿನ; ಅವರು ಸೋಮವಾರ ಹಿಡಿಯಲಿ, ಆ ದಿನ ನಾವು ಅವರ ಮನೆಗೆ ಹೋಗದಿರೋಣ. ನರ್ಸುಗಳು, ಪೊಲೀಸರು, ಬಸ್ ಚಾಲಕರು ವಾರದ ರಜೆ ಯಾವ ದಿನವೋ ಅದನ್ನೇ ಇಟ್ಟುಕೊಳ್ಳಲಿ. ಸೆವೆಂತ್ ಡೇ ಅಡ್ವೆಂಟಿಸ್ಟರು ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದ ತನಕ ಸಬ್ಬತ್ ಪಾಲಿಸುತ್ತಾರೆ, ತಯಾರಿಯ ವಿಷಯದಲ್ಲಿ ಅವರಿಂದ ಕಲಿಯುವುದಿದೆ. ಯಾವ ದಿನ ಸರಿ ಎಂಬ ವಾದಕ್ಕೆ ಇಳಿದರೆ ಆ ದಿನವೇ ಮುಗಿದುಹೋಗುತ್ತದೆ.

ಆ ದಿನ ಏನು ಮಾಡಬೇಕು? ಆರಾಧನೆ ಅಥವಾ ಬಲಿಪೂಜೆ, ಊಟ, ಮಧ್ಯಾಹ್ನದ ನಿದ್ದೆ, ಮಕ್ಕಳೊಂದಿಗೆ ನಡಿಗೆ, ಹಾಸಿಗೆ ಹಿಡಿದವರನ್ನು ನೋಡಿಬರುವುದು. ದುಡ್ಡು ಕೊಡುವ, ಪಡೆಯುವ, ಲೆಕ್ಕ ಹಾಕುವ ಕೆಲಸ ಬೇಡ. ವರ್ಷಕ್ಕೊಮ್ಮೆ ಇದನ್ನು ಎರಡು ದಿನಕ್ಕೆ ಹಿಗ್ಗಿಸಬೇಕೆನಿಸಿದರೆ ನಿಮ್ಮ ಧರ್ಮಪ್ರಾಂತ್ಯದ ಧ್ಯಾನಕೇಂದ್ರವನ್ನು ವಿಚಾರಿಸಿ. ಬೆಂಗಳೂರಿನವರಿಗೆ ಮೈಸೂರು ರಸ್ತೆಯ ಆಶೀರ್ವನಂ ಬೆನೆಡಿಕ್ಟೀನ್ ಮಠವಿದೆ. ಮುಂಚಿತವಾಗಿ ಕೇಳಿಕೊಂಡೇ ಹೊರಡಿ.

ಎಚ್ಚರಿಕೆಯ ಸೂಚನೆಗಳು

ಕುಳಿತು ಎದ್ದ ಮೇಲೆ ಮನೆಯವರ ಮೇಲೆ ಸಿಡುಕು ಹೆಚ್ಚುತ್ತಿದ್ದರೆ ನಿಮಿಷಗಳನ್ನು ಅರ್ಧಕ್ಕೆ ಇಳಿಸಿ, ನಿದ್ದೆಯ ಲೆಕ್ಕ ನೋಡಿ. ಮೌನದ ನೆಪದಲ್ಲಿ ಗಂಡನೊಂದಿಗೋ ಹೆಂಡತಿಯೊಂದಿಗೋ ಆಡಲೇಬೇಕಾದ ಮಾತನ್ನು ಮುಂದೂಡುತ್ತಿದ್ದರೆ ಮೊದಲು ಆ ಮಾತು ಮುಗಿಸಿ. ಕೂರುವುದು ತಪ್ಪಿದ ದಿನ ಏನಾದರೂ ಕೆಡುಕಾದೀತೆಂದು ಭಯವಾಗುತ್ತಿದ್ದರೆ ಅಭ್ಯಾಸ ಹರಕೆಯಂತಾಗಿದೆ, ಗುರುಗಳೊಂದಿಗೋ ಸಭಾಪಾಲಕರೊಂದಿಗೋ ಮಾತಾಡಿ.

ಇನ್ನೊಂದು ಸೂಚನೆಗೆ ತಡಮಾಡಬಾರದು. ಎರಡು ವಾರ ಕಳೆದರೂ ನಿದ್ದೆ ಹತ್ತದಿರುವುದು, ಊಟ ಸೇರದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಬದುಕು ಬೇಡವೆನಿಸುವುದು. ಇವು ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ಬದುಕು ಬೇಡವೆನಿಸಿದರೆ ಎರಡು ವಾರ ಕಾಯುವುದೂ ಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಕರೆಗೆ ಹಣವಿಲ್ಲ. "ಪ್ರಾರ್ಥನೆ ಹೆಚ್ಚಿಸು, ಸರಿಹೋಗುತ್ತದೆ" ಎಂದು ಹೇಳಿ ಯಾರಾದರೂ ಮಾತ್ರೆ ಬಿಡಿಸಲು ಬಂದರೆ ಕೇಳಬೇಡಿ.

ಬಿಟ್ಟುಹೋದರೆ ಎಲ್ಲಿಂದ ಶುರುಮಾಡುವುದು

ಒಂದೆರಡು ದಿನ ತಪ್ಪಿದರೆ ಇದ್ದ ಹಂತದಲ್ಲೇ ಮುಂದುವರಿಯಿರಿ. ತಪ್ಪಿದ ನಿಮಿಷಗಳನ್ನು ಕೂಡಿಸಿ ಶನಿವಾರ ಒಂದೇ ಸಲ ಅರ್ಧ ತಾಸು ಕೂರಲು ಹೋಗಬೇಡಿ. ಎರಡು ವಾರಕ್ಕಿಂತ ಹೆಚ್ಚು ಬಿಟ್ಟಿದ್ದರೆ ಮೂರು ದಿನ ಮೊದಲ ಹಂತ, ಆಮೇಲೆ ನೇರ ಮೂರನೆಯದು. ಪರೀಕ್ಷೆ, ಹೆರಿಗೆ, ಮನೆಯಲ್ಲಿ ಕಾಯಿಲೆ, ವರ್ಷಾಂತ್ಯದ ಲೆಕ್ಕಪತ್ರ ಮುಂತಾದ ಬಿರುಸಿನ ದಿನಗಳಲ್ಲಿ ಎಲ್ಲವನ್ನೂ ಬದಿಗಿಟ್ಟು ನಿದ್ದೆ ಮತ್ತು ರಾತ್ರಿಯ ಐದು ನಿಮಿಷ, ಇವೆರಡನ್ನು ಮಾತ್ರ ಉಳಿಸಿಕೊಳ್ಳಿ. ಅವೆರಡು ಉಳಿದಿದ್ದರೆ ಮಿಕ್ಕದ್ದನ್ನು ಮತ್ತೆ ಕಟ್ಟಲು ಹೆಚ್ಚು ದಿನ ಬೇಕಾಗದು.